ಪದವಿನ ಹುಲ್ಲು

ಪಣಂಬೂರಿನ ಕಡಲತಡಿಯಲ್ಲಿ 1975ರಲ್ಲಿ ಹೊಸ ಬಂದರು ಉದ್ಘಾಟನೆಗೊಂಡಿತು. ಅಲ್ಲಿಂದ ಪೂರ್ವಕ್ಕೆ, ಬಜಪೆಯ ಕಡೆಗೆ ಏರಿದರೆ ಮುರಕಲ್ಲಿನ ಸಮತಟ್ಟಾದ ಗುಡ್ಡಗಳು ಎದುರಾಗುತ್ತವೆ. ಇವನ್ನು ಇಲ್ಲಿನ ಜನರು ‘ಪದವು’ ಎನ್ನುತ್ತಾರೆ. ಬೇಸಗೆಯಲ್ಲಿ ಕಾದ ಕಾವಲಿಯಂತಿರುವ ಈ ನೆಲವು ಮಳೆ ಬಿದ್ದೊಡನೆ ಹಸುರಾಗುತ್ತದೆ. ಆದರೂ ಅನೇಕರ ಮಾತಿನಲ್ಲಿ ಇದು ಬರಿಯ ಬಂಜರು. ಪದವಿಗೆ ಕೇಡು ಬಂದುದು ಈ ಹೆಸರಿನಿಂದಲೇ ಎನ್ನಬಹುದು.

ಹಿಂದೆ ಬೇಟೆಗಾರರಿಗೆ ಪ್ರಿಯವಾಗಿದ್ದ ಲಾವಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಹುಲ್ಲಿನ ಮರೆಯಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ನವಿಲಿನ ರೀತಿಯೂ ಇದೇ. ಬೆಳೆದ ಲಾವಕ್ಕಿಗೆ ಹುಲ್ಲಿನ ಬೀಜವೇ ಮುಖ್ಯ ಆಹಾರ. ಮರಿಗೆ ಅದು ಸಾಲದು. ಮೊಟ್ಟೆಯೊಡೆದು ಬಂದೊಡನೆ ತಾಯಿಯ ಹಿಂದೆ ಓಡುವ ಆ ಮರಿಗೆ ಮೈ ತುಂಬಲು, ಗರಿ ಮೂಡಲು ಇರುವೆ, ಗೆದ್ದಲು, ಎಳೆ ಮಿಡತೆಗಳು ಬೇಕು. ಹೆಬ್ಬೆರಳ ಗಾತ್ರದ ಜೀವ ದಟ್ಟ ಹುಲ್ಲನ್ನು ನುಗ್ಗಲಾರದು. ಬೋಳುನೆಲದಲ್ಲಿ ಗಿಡುಗನ ಕಣ್ಣಿಗೆ ಬೀಳುತ್ತದೆ. ಓಡಾಡಲು ಎಡೆ, ತಲೆಯ ಮೇಲೆ ಮರೆ, ಎರಡೂ ಇರತಕ್ಕದ್ದು.

ಹಿಂದಿನ ರೈತರು, ಹಕ್ಕಿಗಾಗಿ ಅಲ್ಲದಿದ್ದರೂ, ಇಂಥ ನೆಲವನ್ನು ಉಳಿಸಿಕೊಂಡಿದ್ದರು. ಮಾಡಿಗೆ ಹೊದಿಸಲು ಅವರಿಗೆ ಮುಳಿಹುಲ್ಲು ಬೇಕಾಗಿತ್ತು. ಮಳೆ ನಿಂತು, ಬೀಜ ಉದುರಿ, ಹುಲ್ಲು ಒಣಗಿದ ಮೇಲೆ ಅದನ್ನು ಕೊಯ್ಯುತ್ತಿದ್ದರು. ಅಷ್ಟರಲ್ಲಿ ಮಳೆಗಾಲದ ಮರಿಗಳು ಬಹುಮಟ್ಟಿಗೆ ಬಲಿತಿರುತ್ತಿದ್ದವು. ದನಗಳು ಮೇದಲ್ಲಿ ಎಡೆ ತೆರೆಯುತ್ತಿತ್ತು, ಸಗಣಿಯಲ್ಲಿ ಹುಳುಗಳಾಗುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಂಚು ಮನೆಮನೆಗೆ ಬಂದಂತೆಲ್ಲ ಮುಳಿಹುಲ್ಲು ಬೇಡವಾಯಿತು. ಹಂಚನ್ನು ದೂರುವಂತಿಲ್ಲ, ಹುಲ್ಲುಮಾಡಿನ ಬೆಂಕಿಯ ಭಯವನ್ನು ಕಳೆದುದು ಅದೇ. ಆದರೆ ಉಪಯೋಗ ತಪ್ಪಿದ ಹುಲ್ಲನ್ನು ಕೇಳುವವರಿಲ್ಲದಾದರು. ಅನೇಕ ಪದವುಗಳ ಮೇಲೆ ಗೇರು ಬಂದಿತು, ಅಕೇಶಿಯಾ ಬಂದಿತು. ಅಕೇಶಿಯಾದ ತರಗೆಲೆ ದಪ್ಪನಾಗಿ ಹಾಸಿದ ಕಡೆ ಹುಲ್ಲು ಏಳುವುದು ಕಷ್ಟ.

ಬೇಟೆಯನ್ನು ತಡೆದರೆ ಸಾಕು, ಹಕ್ಕಿ ತಾನಾಗಿ ಉಳಿಯುತ್ತದೆ ಎಂಬ ವಾದವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಕಾದುದೇ, ಸಂದೇಹವಿಲ್ಲ. ಆದರೆ ಬಯಲುಸೀಮೆಯ ರಾಣಿಬೆನ್ನೂರಿನಲ್ಲಿ ಆದುದೇನು? ಕೃಷ್ಣಮೃಗಕ್ಕೂ, ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಎರೆಭೂತವೆಂಬ ದೊಡ್ಡ ಹಕ್ಕಿಗೂ ಆಶ್ರಯವಾಗಲೆಂದು 1974ರಲ್ಲಿ ಅಲ್ಲಿ ಅಭಯಾರಣ್ಯ ಘೋಷಿತವಾಯಿತು. ಬಯಲಿನ ಬಹುಭಾಗದಲ್ಲಿ ಮಾತ್ರ ನೀಲಗಿರಿ ಮರಗಳನ್ನು ಬೆಳೆಸಲಾಗಿತ್ತು. ಕೃಷ್ಣಮೃಗ ಉಳಿಯಿತು. ತೆರೆದ ಹುಲ್ಲುಬಯಲನ್ನೇ ನಂಬಿದ ಎರೆಭೂತ ಅಲ್ಲಿಂದ ಮರೆಯಾಯಿತು.

ವನಮಹೋತ್ಸವದ ದಿನ ಉತ್ಸಾಹದಿಂದ ಸಸಿ ಹಿಡಿದು ಗುಡ್ಡವೇರುವ ಮಕ್ಕಳಿಗೆ ಈ ಮಾತು ಕಹಿಯೆನಿಸೀತು. ಸಸಿಗೆ ರಸ್ತೆಯ ಬದಿಯಿದೆ, ಶಾಲೆಯ ಅಂಗಳವಿದೆ. ಪದವಿನಲ್ಲಿ ಅವರು ಮಾಡಬೇಕಾದ ಕೆಲಸ ಬೇರೆ: ತಾನಾಗಿ ಎದ್ದ ಅಕೇಶಿಯಾ ಸಸಿಗಳನ್ನು ಕೀಳುವುದು, ಹುಲ್ಲನ್ನು ಒಮ್ಮೆಗೇ ಸವರದೆ, ಬೀಜ ಉದುರಿದ ಮೇಲೆ ಪಟ್ಟಿಪಟ್ಟಿಯಾಗಿ, ಸರದಿಯಂತೆ ಕೊಯ್ಯುವುದು, ಕೊಯ್ಯುವ ಮುನ್ನ ಬುಡದಲ್ಲಿ ಮೊಟ್ಟೆಯಿದೆಯೇ ಎಂದು ಬಗ್ಗಿ ನೋಡುವುದು.