ಇಲಿಯ ಸಾಕ್ಷಿ ಎಷ್ಟರವರೆಗೆ?

ಗದ್ವಾಲಿನ ಗೊಬ್ಬರದ ಅಂಗಡಿಯಲ್ಲಾಗಲಿ, ಮಕ್ತಲ್‌ನ ಪೇಟೆಯಲ್ಲಾಗಲಿ, ಹತ್ತಿಗೆ ಹೊಡೆಯುವ ಎಣ್ಣೆಯ ಯಾವುದೇ ಡಬ್ಬಿ ಕೈಗೆತ್ತಿಕೊಳ್ಳಿ. ಲೇಬಲ್ಲಿನ ಮೇಲೆ ಮೂಲೆಯೂರಿ ನಿಂತ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ. 1971ರ ಕೀಟನಾಶಕ ನಿಯಮಗಳು ಈ ಬಣ್ಣವನ್ನು ಗೊತ್ತುಮಾಡುವುದು ಪ್ರಯೋಗಾಲಯದ ಪ್ರಾಣಿಗಳ, ಬಹುಮಟ್ಟಿಗೆ ಇಲಿಗಳ, ಸಾವಿನ ಲೆಕ್ಕದಿಂದ. ಬಾಯಿಯ ಮೂಲಕ ವಿಷ ಕೊಟ್ಟ ಇಲಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕೆಂದು ನೋಡುತ್ತಾರೆ. 50ರವರೆಗೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದರಾಚೆ ಹಸಿರು.

ನಮ್ಮ ರೈತ ಆ ಬಣ್ಣವನ್ನು ನಂಬಿ ಪಂಪು ಬೆನ್ನಿಗೇರಿಸುತ್ತಾನೆ. ಹಾಗಾದರೆ ಇಲಿಯ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಇಲಿ ಬೇರೆ, ಮನುಷ್ಯ ಬೇರೆ, ಆದ್ದರಿಂದ ಈ ಪ್ರಯೋಗಗಳೇ ವ್ಯರ್ಥ ಎನ್ನುವವರಿದ್ದಾರೆ. ಇಲಿಯ ಮೇಲೆ ಪರೀಕ್ಷಿಸಿ ಸರ್ಕಾರ ಪರವಾನಗಿ ಕೊಟ್ಟಮೇಲೆ ಅನುಮಾನವೇಕೆ ಎನ್ನುವವರೂ ಇದ್ದಾರೆ. ಎರಡೂ ತಪ್ಪೆಂದು ನನ್ನ ವಾದ. ಇಲಿಯ ದೇಹದಲ್ಲಿ ಕೆಡುಕು ಕಂಡರೆ ಆ ಮಾತನ್ನು ಕೂಡಲೇ ನಂಬಬೇಕು. ಕಾಣದಿದ್ದರೆ, ಅಷ್ಟರಿಂದಲೇ ವಿಷವನ್ನು ಖುಲಾಸೆ ಮಾಡಬಾರದು.

ಇಲಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದರ ಗಬ್ಬ ಮೂರು ವಾರದ್ದು. ಮರಿ ಎರಡು-ಮೂರು ತಿಂಗಳಿಗೆ ಬೆದೆಗೆ ಬರುತ್ತದೆ. ಸಂತಾನಶಕ್ತಿಯ ಪರೀಕ್ಷೆಯಲ್ಲಿ ಗಂಡು ಹೆಣ್ಣು ಎರಡಕ್ಕೂ ಕೂಡಿಸುವ ಹತ್ತು ವಾರ ಮೊದಲಿನಿಂದಲೇ ರಾಸಾಯನಿಕವನ್ನು ತಿನ್ನಿಸುತ್ತಾರೆ. ಗಬ್ಬದಲ್ಲೂ, ಹಾಲೂಡಿಸುವಾಗಲೂ, ಮರಿಗಳು ಬೆಳೆದು ತಾವೇ ಮರಿಹಾಕುವವರೆಗೂ ಅದು ನಡೆಯುತ್ತದೆ. ಎಷ್ಟು ಮರಿ ಹುಟ್ಟಿದವು, ಎಷ್ಟು ಉಳಿದವು, ವೀರ್ಯಾಣು ಎಷ್ಟು, ವೃಷಣದ ತೂಕ ಎಷ್ಟು ಎಂದು ಬರೆದಿಡುತ್ತಾರೆ. ಮನುಷ್ಯರಲ್ಲಿ ಅರ್ಧ ಶತಮಾನ ಕಾಯಬೇಕಾದ ಪ್ರಶ್ನೆಗೆ ಇಲ್ಲಿ ಒಂದು ವರ್ಷದೊಳಗೆ ಉತ್ತರ ಸಿಗುತ್ತದೆ.

ಈ ಉತ್ತರವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಡಿಬಿಸಿಪಿ ಎಂಬ ಜಂತುನಾಶಕದ ಕಥೆ ಸಾಕು. ಅದು ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂದು 1961ರಲ್ಲೇ ಅಮೆರಿಕದಲ್ಲಿ ಪ್ರಕಟವಾಗಿತ್ತು. ಆದರೂ ತಯಾರಿಕೆ ನಿಲ್ಲಲಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರ ಕಾರ್ಮಿಕರು ತಮಗ್ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿಕೊಂಡರು. ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಇಲಿ ಹದಿನಾರು ವರ್ಷ ಮೊದಲೇ ಹೇಳಿತ್ತು.

ಇನ್ನೊಂದು ಮಗ್ಗುಲಿಗೆ ಥಾಲಿಡೊಮೈಡ್ ಇದೆ. ಎಷ್ಟು ತಿನ್ನಿಸಿದರೂ ಇಲಿಗಳು ಸಾಯಲಿಲ್ಲವೆಂಬ ಕಾರಣಕ್ಕೇ ಆ ನಿದ್ದೆಮಾತ್ರೆಗೆ ಸುರಕ್ಷಿತವೆಂಬ ಹೆಸರು ಬಂದಿತ್ತು. 1957ರಿಂದ 1961ರವರೆಗೆ ಅದನ್ನು ನುಂಗಿದ ಬಸುರಿಯರಿಗೆ ಕೈಕಾಲು ಊನವಾದ ಸುಮಾರು ಹತ್ತು ಸಾವಿರ ಮಕ್ಕಳು ಹುಟ್ಟಿದರು. ಆಮೇಲೆ ಗಬ್ಬದ ಇಲಿಗಳಿಗೆ ಕೊಟ್ಟು ನೋಡಿದಾಗಲೂ ಆ ಊನ ಕಾಣಲಿಲ್ಲ, ಮೊಲಗಳಲ್ಲಿ ಕಂಡಿತು. ಇಲಿಯ ಮೌನವನ್ನು ಒಪ್ಪಿಗೆಯೆಂದು ಓದಿದ್ದಕ್ಕೆ ತೆತ್ತ ಬೆಲೆ ಅದು.

ಈ ಅಂತರ ವಿಜ್ಞಾನಿಗಳಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೇ ಇಲಿಗೆ ತೊಂದರೆ ಕೊಡದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಮನುಷ್ಯರ ಮಿತಿಯನ್ನು ಇಡುತ್ತಾರೆ: ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯರೊಳಗಿನ ವ್ಯತ್ಯಾಸಕ್ಕೆ ಹತ್ತು. ಆದರೆ ಈ ಮಿತಿ ಊಟದ ತಟ್ಟೆಗೆ ಬರುವ ಉಳಿಕೆಯದು. ಹೊಲದಲ್ಲಿ ನಿಂತವರ ಲೆಕ್ಕವೇ ಬೇರೆ.

ಕೃಷ್ಣಾ-ತುಂಗಭದ್ರೆಯರ ನಡುವಿನ ಗದ್ವಾಲ್ ಸೀಮೆ ಹೈಬ್ರಿಡ್ ಹತ್ತಿಬೀಜಕ್ಕೆ ಹೆಸರಾದದ್ದು. ಇಲ್ಲಿಯ ಸೀಡ್ ಹೊಲದಲ್ಲಿ ಕ್ರಾಸಿಂಗ್ ಮಾಡುವವರು ಹೆಚ್ಚಾಗಿ ಹೆಂಗಸರು, ಹರೆಯದ ಹುಡುಗಿಯರು. ಮಧ್ಯಾಹ್ನದ ಮೇಲೆ ಸಾಲಿನಲ್ಲಿ ಬಗ್ಗಿ, ಮರುದಿನ ಅರಳಲಿರುವ ಮೊಗ್ಗು ಹುಡುಕಿ, ಉಗುರಿನಿಂದ ಎಸಳು ಸುಲಿದು ಕೇಸರಗಳನ್ನು ಕಿತ್ತುಹಾಕಬೇಕು. ಮಾರನೆಯ ಬೆಳಿಗ್ಗೆ ಗಂಡುಸಾಲಿನ ಹೂ ತಂದು ಪ್ರತಿ ಮೊಗ್ಗಿಗೂ ಪರಾಗ ಸವರಬೇಕು. ಎಣ್ಣೆ ಹೊಡೆದ ಎಲೆಗಳ ನಡುವೆ ಬರಿಗೈಯ ಕೆಲಸ, ವಾರಗಟ್ಟಲೆ. ಪ್ರಯೋಗಾಲಯದ ಇಲಿ 22 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ಹೊಟ್ಟೆತುಂಬ ತಿಂದು ಒಂದೇ ರಾಸಾಯನಿಕವನ್ನು ಎದುರಿಸುತ್ತದೆ. ಹೊಲದವಳ ಬೆವೆತ ಚರ್ಮಕ್ಕೆ ಎರಡು ಮೂರು ಎಣ್ಣೆಗಳ ಬೆರಕೆ ತಾಗುತ್ತದೆ. 2017ರಲ್ಲಿ ಯವತ್ಮಾಳದ ಹತ್ತಿ ಹೊಲಗಳಲ್ಲಿ ಎಣ್ಣೆ ಹೊಡೆಯುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಇಂಥ ಬೆರಕೆಯ ಮಾತೇ ಮುಂದೆ ಬಂತು.

ಇಲ್ಲಿ ಒಂದು ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ. ಪ್ರಯೋಗಾಲಯದಲ್ಲಿ ಗಬ್ಬದ ಇಲಿಯ ತೂಕ, ಮೇವು, ಮರಿಗಳ ಲೆಕ್ಕ ಎಲ್ಲವೂ ಪುಸ್ತಕದಲ್ಲಿರುತ್ತದೆ. ಸೀಡ್ ಹೊಲದಲ್ಲಿ ದುಡಿದ ಬಸುರಿಗೆ ಗರ್ಭ ಇಳಿದರೆ, ಆಗ ಯಾವ ಎಣ್ಣೆ ಹೊಡೆದಿದ್ದರು ಎಂದು ಕೇಳಿ ಬರೆದುಕೊಳ್ಳುವ ಪುಸ್ತಕವಿಲ್ಲ.

ಬರೆದುಕೊಳ್ಳದಿದ್ದರೆ ಏನಾಗುತ್ತದೆಂದು ಕನ್ನಡಿಗರಿಗೆ ಕಾಸರಗೋಡು ಕಲಿಸಿದೆ. ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಅಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಸಾಧಾರಣ ಅಪಾಯದ ದರ್ಜೆಯದು. ಆ ದರ್ಜೆ ಅಳೆದದ್ದು ತಕ್ಷಣದ ಸಾವನ್ನು. ಅದೇ ವಿಷ ಇಲಿಗಳ ವೀರ್ಯಾಣು ಕುಗ್ಗಿಸುತ್ತದೆಂದು ತೊಂಬತ್ತರ ದಶಕದಲ್ಲಿ ಭಾರತದ ವಿಜ್ಞಾನಿಗಳೇ ತೋರಿಸಿದ್ದರು. ಅಲ್ಲಿನ ಪಡ್ರೆ ಗ್ರಾಮದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳನ್ನು ನೋಡಿ ಪಟ್ಟಿಮಾಡಿ ಕೂಗಿ ಹೇಳಿದರು, ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ತೋಟದ ಕೆಳಗಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿತು. ಎಂಡೋಸಲ್ಫಾನ್ ಗಂಡುಮಕ್ಕಳ ಪ್ರಾಯವನ್ನು ತಡವಾಗಿಸುತ್ತಿರಬಹುದೆಂಬ ಅದರ ವರದಿ 2003ರಲ್ಲಿ ಪ್ರಕಟವಾಯಿತು. ದೇಶವ್ಯಾಪಿ ತಡೆಯನ್ನು ಸುಪ್ರೀಂ ಕೋರ್ಟ್ ಕೊಟ್ಟದ್ದು 2011ರ ಮೇ ತಿಂಗಳಲ್ಲಿ. ಇಲಿಯೂ ಹೇಳಿತ್ತು, ಊರಿನ ಡಾಕ್ಟರೂ ಹೇಳಿದ್ದರು. ಎರಡು ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿ ಕೇಳುವ ವ್ಯವಸ್ಥೆ ಇರಲಿಲ್ಲ.

ಒಟ್ಟಿಗೆ ಕೇಳಿದ ಉದಾಹರಣೆ ನಮ್ಮ ಸೀಮೆಯ ಊಟದ ಜೊತೆಗೇ ಇದೆ. ಜೋಳದ ರೊಟ್ಟಿಯನ್ನೇ ನೆಚ್ಚಿಕೊಂಡ ದಖ್ಖನ್ನಿನ ಬಡವರಿಗೆ ಚರ್ಮ ಕಪ್ಪಿಟ್ಟು ಸುಲಿಯುವ ಪೆಲ್ಲಾಗ್ರಾ ಬರುತ್ತಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆಗೆ ಬೆರಳು ತೋರಿಸಿ 1960ರಲ್ಲಿ ಬರೆದರು. ಆ ವಾದದ ಬಗ್ಗೆ ಮುಂದೆ ಚರ್ಚೆ ನಡೆಯಿತು, ನಿಜ. ಆದರೆ ನಡೆದ ದಾರಿ ಸರಿಯಾಗಿತ್ತು: ಪ್ರಶ್ನೆ ಹುಟ್ಟಿದ್ದು ರೋಗಿಯ ಹಾಸಿಗೆಯ ಪಕ್ಕ, ಪ್ರಾಣಿಗಳ ಹತ್ತಿರ ಹೋದದ್ದು ಅದನ್ನು ಹಿಡಿದುಕೊಂಡು.

ಹಾಗಾದರೆ ಇಲಿಯ ನೋವು? ಅದೂ ನೋವೇ. ಬದಲಿ ವಿಧಾನ ಹುಡುಕಿ, ಪ್ರಾಣಿಗಳ ಸಂಖ್ಯೆ ಇಳಿಸಿ, ಯಾತನೆ ತಗ್ಗಿಸಿ ಎಂದು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲೇ ಹೇಳಿದರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹೊಸ ಔಷಧಗಳಿಗೆ ಪ್ರಾಣಿಯಿಲ್ಲದ ವಿಧಾನಗಳನ್ನೂ 2023ರಲ್ಲಿ ನಿಯಮ ಒಪ್ಪಿಕೊಂಡಿತು. ಈ ದಾರಿ ಇನ್ನೂ ಅಗಲವಾಗಬೇಕು. ಆದರೆ ಎರಡು ತಲೆಮಾರಿನ ಸಂತಾನದ ಪ್ರಶ್ನೆಗೆ ಜೀವಕೋಶದ ತಟ್ಟೆ ಇನ್ನೂ ಪೂರ್ತಿ ಉತ್ತರ ಕೊಡಲಾರದು. ಈಗಲೇ ಇಲಿ ಬೇಡವೆಂದರೆ ಮೊದಲ ಪರೀಕ್ಷೆ ನಡೆಯುವುದು ಕೂಲಿಯವಳ ಮೈಮೇಲೆ. ಇಲಿಗಳನ್ನು ಕೊಂದು ಪಡೆದ ಎಚ್ಚರಿಕೆಯನ್ನು ಕಡತಕ್ಕೆ ಸೇರಿಸಿ ಮರೆಯುವುದು ಇನ್ನೂ ಕೆಟ್ಟದ್ದು. ಆಗ ಇಲಿಯೂ ಸತ್ತಿತು, ಮನುಷ್ಯನೂ ಕೆಟ್ಟ.

ಆದ್ದರಿಂದ ಆಗಬೇಕಾದ್ದು ಇಷ್ಟು. ಇಲಿಯಲ್ಲಿ ಸಂತಾನಹಾನಿ ಕಂಡ ಎಣ್ಣೆಗೆ, ಅದರ ಬಣ್ಣ ಯಾವುದೇ ಇರಲಿ, ಡಬ್ಬಿಯ ಮೇಲೆ ಬೇರೆಯದೇ ಗುರುತು ಬರಬೇಕು. ತೆಲಂಗಾಣ-ಕರ್ನಾಟಕ ಗಡಿಯ ಹಳ್ಳಿಗಳಿಗೆ ಮಾರುವ ಡಬ್ಬಿಯೊಳಗಿನ ಚೀಟಿಯಲ್ಲಿ ತೆಲುಗಿನ ಜೊತೆ ಕನ್ನಡವೂ ಇರಬೇಕು. ಕೃಷ್ಣಾ ಮಂಡಲದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿದ್ದಾರೆ. ಆಶಾ ಕಾರ್ಯಕರ್ತೆಯರು ಬಸುರಿಯ ಹೆಸರು ಬರೆಯುವಾಗ ಅವಳು ಯಾವ ಹೊಲದಲ್ಲಿ, ಯಾವ ಎಣ್ಣೆಯ ನಡುವೆ ದುಡಿದಳೆಂಬುದನ್ನೂ ಬರೆಯಬೇಕು. ಮಕ್ತಲ್ ಕಡೆಯವರು ನದಿ ದಾಟಿ ರಾಯಚೂರಿಗೆ ಚಿಕಿತ್ಸೆಗೆ ಹೋದಾಗ ಆ ದಾಖಲೆ ರಾಜ್ಯದ ಗಡಿಯಲ್ಲಿ ಕಳೆದುಹೋಗದಂತೆ ಎರಡೂ ಸರ್ಕಾರಗಳು ಹಂಚಿಕೊಳ್ಳಬೇಕು. ಪ್ರಯೋಗಾಲಯದ ಪುಸ್ತಕಕ್ಕಿರುವ ಶ್ರದ್ಧೆ ಹೊಲದ ಪುಸ್ತಕಕ್ಕೂ ಬಂದ ದಿನ ಸರ್ಕಾರ ಒಂದು ಎಣ್ಣೆಯನ್ನು ಸುರಕ್ಷಿತವೆಂದರೆ ನಂಬಬಹುದು. ಅಲ್ಲಿಯವರೆಗೆ ಆ ಮಾತನ್ನು ಪ್ರಶ್ನಿಸುವ ಹಕ್ಕು ಹೊಲದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಇದೆ.