ಅತ್ತೆಯ ಬಾವಿ, ಸೊಸೆಯ ಕೆರೆ

ಚಳಿಗಾಲ ಬಂತೆಂದರೆ ಅಹಮದಾಬಾದಿನ ಕನ್ನಡದ ಮನೆಗಳಿಗೆ ನೆಂಟರ ಕಾಲ. ಊರಿನಿಂದ ಅಣ್ಣ-ಅತ್ತಿಗೆ, ಚಿಕ್ಕಪ್ಪ-ಚಿಕ್ಕಮ್ಮ ಬರುತ್ತಾರೆ. ನಾವು ತೋರಿಸುವ ಜಾಗಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಸಾಬರಮತಿ ಆಶ್ರಮ, ರಿವರ್‌ಫ್ರಂಟ್, ಅಡಾಲಜದ ಬಾವಿ, ರಾತ್ರಿಗೆ ಮಾಣೆಕ್ ಚೌಕ್, ಇನ್ನೊಂದು ದಿನ ಸಿಕ್ಕರೆ ಕೇವಡಿಯಾದ ಸರ್ದಾರ್ ಪ್ರತಿಮೆ. ಎಲ್ಲವೂ ನೋಡಬೇಕಾದವೇ. ಆದರೆ ಸ್ಯಾಟಲೈಟ್‌ನಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಢೋಲ್ಕಾ, ವೀರಮಗಾಮ್‌ನಂಥ ಹಳೆಯ ಊರುಗಳು ಈ ಪಟ್ಟಿಗೆ ಸೇರುವುದೇ ಇಲ್ಲ. ಈ ಸಲದ ಅಂಕಣ ಅಂಥ ಊರುಗಳ ಬಗ್ಗೆ. ಅವನ್ನೆಲ್ಲ ಒಂದು ದಾರದಲ್ಲಿ ಪೋಣಿಸುವವಳು ಒಬ್ಬ ಹೆಣ್ಣುಮಗಳು. ಒಂಬೈನೂರು ವರ್ಷಗಳಿಗೂ ಹಿಂದೆ ನಮ್ಮ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು.

ಎಸ್.ಜಿ. ಹೈವೇಯಲ್ಲಿ ಓಡಾಡುವಾಗ ಕರ್ಣಾವತಿ ಕ್ಲಬ್ಬಿನ ಬೋರ್ಡು ನೋಡಿದ್ದೀರಲ್ಲ? ಹೊಸದಾಗಿ ಬಂದ ಕನ್ನಡಿಗರ ಕಣ್ಣಿಗೆ ಅದು ಒಂದು ಕ್ಷಣ ಕರ್ನಾಟಕದ ಹಾಗೆ ಕಾಣುತ್ತದೆ. ಕರ್ಣಾವತಿ ಎಂಬುದು ಸೋಲಂಕಿ ದೊರೆ ಕರ್ಣದೇವ ಕಟ್ಟಿಸಿದ ಊರು. 1411ರಲ್ಲಿ ಅಹಮದ್ ಶಾಹ ತನ್ನ ರಾಜಧಾನಿಗೆ ಅಡಿಪಾಯ ಹಾಕುವ ಮುಂಚೆಯೇ ಈ ನದಿಯ ದಡದಲ್ಲಿ ಇದ್ದದ್ದು. ಕರ್ಣನ ಹೆಂಡತಿಯೇ ನಮ್ಮ ಕಥೆಯ ನಾಯಕಿ, ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು. ಗೋವೆಯ ಜೊತೆಗೆ ಬೆಳಗಾವಿ ಕಡೆಯ ಹಲಸಿ ಸೀಮೆಯೂ ಈ ಕದಂಬರದೇ. ಗುಜರಾತಿನ ಹಳೆಯ ಗ್ರಂಥಗಳಲ್ಲಿ ಆಕೆಯ ಹೆಸರು ಮಯಣಲ್ಲದೇವಿ, ಜನರ ಬಾಯಲ್ಲಿ ಮೀನಳದೇವಿ.

ಮದುವೆಯ ಬಗ್ಗೆ ಎರಡು ಕಥೆಗಳಿವೆ. ಆಕೆಯ ಮಗನ ಆಸ್ಥಾನದಲ್ಲಿದ್ದ ಹೇಮಚಂದ್ರಾಚಾರ್ಯರ ಪ್ರಕಾರ, ಕರ್ಣ ಅವಳ ಚಿತ್ರ ನೋಡಿ ಮನಸೋತ. 1300ರ ಸುಮಾರಿನಲ್ಲಿ ಬರೆದ ಮೇರುತುಂಗನ ಕಥೆ ಬೇರೆ. ಅಷ್ಟು ದೂರದಿಂದ ಬಂದ ಹುಡುಗಿ ರೂಪವಂತೆಯಲ್ಲ ಎಂದು ಕರ್ಣ ಮದುವೆಗೇ ಒಪ್ಪಲಿಲ್ಲ. ಹಿಂದಿರುಗಿ ಹೋಗುವುದಕ್ಕಿಂತ ಬೆಂಕಿಗೆ ಬೀಳುವುದೇ ಮೇಲು ಎಂದು ಹುಡುಗಿ ಹೊರಟಳು. ಆಗ ಅಡ್ಡ ಬಂದವಳು ಕರ್ಣನ ತಾಯಿ ಉದಯಮತಿ. ಈ ಹುಡುಗಿ ಸತ್ತರೆ ನಾನೂ ಬದುಕುವುದಿಲ್ಲ ಎಂದು ಹಟ ಹಿಡಿದಳು, ಮಗ ಮಣಿದ. ಆಸ್ಥಾನದ ವಿದ್ವಾಂಸರು ಸಿಹಿ ಕಥೆ ಬರೆಯುವುದು ಸಹಜ. ಎರಡನೆಯದರಲ್ಲಿ ಎಷ್ಟು ನಿಜವೋ, ಅತ್ತೆಯನ್ನು ಮಾತ್ರ ಮರೆಯಬೇಡಿ. ಅವಳು ಮುಂದೆ ಸಿಗುತ್ತಾಳೆ.

ಮೊದಲ ಭಾನುವಾರ: ಢೋಲ್ಕಾ, ಲೋಥಲ್

ಸರಖೇಜ್ ದಾಟಿ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಢೋಲ್ಕಾ. ಹೋಗುವ ದಾರಿಯಲ್ಲೇ ಸರಖೇಜ್ ರೋಜಾ ಇದೆ. ಸಂತ ಅಹಮದ್ ಖಟ್ಟು ಅವರ ಸಮಾಧಿ, ಮಸೀದಿ, ಸುಲ್ತಾನರ ಅರಮನೆ, ಎಲ್ಲಕ್ಕೂ ನಡುವೆ ದೊಡ್ಡ ಕೆರೆ. ಬೆಳಿಗ್ಗೆ ಅರ್ಧ ಗಂಟೆ ಅಲ್ಲಿ ಕೂತು ಮುಂದೆ ಹೊರಡಿ.

ಢೋಲ್ಕಾದಲ್ಲಿ ನೋಡಬೇಕಾದದ್ದು ಮಲಾವ್ ತಲಾವ್, ಮೀನಳದೇವಿ ಕಟ್ಟಿಸಿದ ಕೆರೆ. ಕೆರೆಯ ಅಂಚು ಗುಂಡಗೆ ಬರಬೇಕಿತ್ತು. ಆದರೆ ಒಂದು ಕಡೆ ಒಬ್ಬ ಹೆಂಗಸಿನ ಮನೆ ಅಡ್ಡ ಬಂತು. ಆಕೆ ವೇಶ್ಯೆಯೆಂದು ಕಥೆ ಹೇಳುತ್ತದೆ. ರಾಣಿ ಎಷ್ಟು ಹಣ ಕೊಡುತ್ತೇನೆಂದರೂ ಅವಳು ಮನೆ ಬಿಡಲಿಲ್ಲ. ಅಧಿಕಾರಿಗಳು ಕೆಡವಿಬಿಡೋಣ ಎಂದರು. ರಾಣಿ ಬೇಡವೆಂದಳು. ಕೆರೆಯೇ ಸೊಟ್ಟಗಾಯಿತು, ಮನೆ ಉಳಿಯಿತು. ನ್ಯಾಯ ನೋಡಬೇಕಾದರೆ ಮಲಾವಿಗೆ ಹೋಗು ಎಂದು ಗುಜರಾತಿಯಲ್ಲಿ ಇವತ್ತಿಗೂ ಗಾದೆಯಿದೆ. ನಿಮ್ಮ ಪಕ್ಕದ ಮನೆಯ ಬಾ ಅವರನ್ನು ಕೇಳಿ ನೋಡಿ, ಹೇಳುತ್ತಾರೆ. ರಸ್ತೆ ಅಗಲ ಮಾಡಲು, ಮೆಟ್ರೋ ಹಾಕಲು ಮನೆ ಬಿಟ್ಟುಕೊಟ್ಟವರ ಸಂಕಟ ಬೆಂಗಳೂರಿನಲ್ಲೂ ಕಂಡಿದ್ದೇವೆ, ಇಲ್ಲೂ ಕಂಡಿದ್ದೇವೆ. ಅಂಥವರಿಗೆ ಈ ಸೊಟ್ಟ ಅಂಚು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಢೋಲ್ಕಾ ಒಂದು ಕಾಲಕ್ಕೆ ದೊಡ್ಡ ಊರು. 1333ರ ಹಿಲಾಲ್ ಖಾನ್ ಕಾಜಿ ಮಸೀದಿ, ಇಟ್ಟಿಗೆಯ ಅಲಿಫ್ ಖಾನ್ ಮಸೀದಿ ಇಲ್ಲಿವೆ. ಅಲ್ಲಿಂದ ಹಾಗೇ ಮುಂದೆ ಹೋದರೆ ಲೋಥಲ್. ಅಹಮದಾಬಾದಿನಿಂದ ಒಟ್ಟು 80 ಕಿಲೋಮೀಟರ್ ಆದೀತು. ಇಲ್ಲಿಯೂ ಒಬ್ಬ ಕನ್ನಡಿಗರಿದ್ದಾರೆ. 1954ರಲ್ಲಿ ಈ ಹರಪ್ಪಾ ಕಾಲದ ಊರನ್ನು ಗುರುತಿಸಿ, 1955ರಿಂದ 1960ರವರೆಗೆ ಅಗೆಸಿದವರು ಎಸ್.ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಮುಂದೆ ದ್ವಾರಕೆಯ ಸಮುದ್ರದೊಳಗೆ ಹುಡುಕಿದವರೂ ಅವರೇ. ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದ, ಸುಮಾರು 215 ಮೀಟರ್ ಉದ್ದದ ಕೊಳವನ್ನು ಅವರು ಹಡಗುಕಟ್ಟೆ ಎಂದರು. ಅಲ್ಲ, ಅದು ನೀರು ಶೇಖರಿಸುವ ಕೆರೆ ಎಂದವರೂ ಇದ್ದಾರೆ. ಮಕ್ಕಳನ್ನು ದಂಡೆಯ ಮೇಲೆ ನಿಲ್ಲಿಸಿ, ನಿಮಗೇನನ್ನಿಸುತ್ತದೆ ಎಂದು ಕೇಳಿ. ಅಲ್ಲಿಯ ಮ್ಯೂಸಿಯಂ ಎಂದು ತೆರೆದಿರುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ.

ಎರಡನೆಯ ಭಾನುವಾರ: ವೀರಮಗಾಮ್, ಮೊಢೇರಾ, ಪಾಟಣ

ಇದು ಇಡೀ ದಿನದ ಸುತ್ತು. ಬೆಳಿಗ್ಗೆ ಆರಕ್ಕೆ ಹೊರಟರೆ ಚೆನ್ನ. ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ವೀರಮಗಾಮ್. ಇಲ್ಲಿಯ ಮುನಸರ್ ಕೆರೆಯ ಹೆಸರೇ ಮೀನಳಸರ್ ಎಂಬುದರಿಂದ ಬಂದದ್ದು ಎನ್ನುತ್ತಾರೆ. ಶಂಖದ ಆಕಾರ. ದಂಡೆಯುದ್ದಕ್ಕೂ ಕಲ್ಲಿನ ಮೆಟ್ಟಿಲು, ಮೇಲೆ ಸಾಲು ಸಾಲಾಗಿ ಪುಟ್ಟ ಗುಡಿಗಳು. ಮೊದಲು ಐನೂರಕ್ಕೂ ಹೆಚ್ಚಿದ್ದವಂತೆ, ಈಗಲೂ ನೂರಾರು ಉಳಿದಿವೆ. ಗುಡಿಗಳನ್ನು ನೋಡಿ ಹಾಗೇ ಬಂದುಬಿಡಬೇಡಿ, ನೀರು ಒಳಗೆ ಬರುವ ದಾರಿಯನ್ನೂ ಹುಡುಕಿ. ಸುತ್ತಲಿನ ಬಯಲಿನ ಮಳೆನೀರು ಮೊದಲು ಆಳವಾದ ಕಲ್ಲಿನ ಕುಂಡಕ್ಕೆ ಬೀಳುತ್ತದೆ, ಹೂಳು ಅಲ್ಲಿ ತಂಗುತ್ತದೆ, ತಿಳಿನೀರು ಮಾತ್ರ ಕೆರೆಗೆ ಹೋಗುತ್ತದೆ. ಕೆರೆಗಳ ನಾಡಿನಿಂದ ಬಂದ ನಮಗೆ, ಹೂಳು ತುಂಬಿದ ಕೆರೆ ಏನಾಗುತ್ತದೆಂದು ಗೊತ್ತು.

ಅಲ್ಲಿಂದ ಬೇಚರಾಜಿ ದಾರಿಯಲ್ಲಿ ಮೊಢೇರಾ. ಭೀಮದೇವನ ಕಾಲದ ಸೂರ್ಯ ದೇವಾಲಯ, ಶಾಸನದ ಪ್ರಕಾರ 1026-27. ಒಳಗೆ ಮೂರ್ತಿಯಿಲ್ಲ, ಪೂಜೆಯಿಲ್ಲ. 52 ಕಂಬಗಳ ಸಭಾಮಂಟಪ, ಅದರ ಮುಂದೆ ಸೂರ್ಯಕುಂಡ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಲ್ಯಾಣಿ. ಲಕ್ಕುಂಡಿಯ ಮುಸುಕಿನ ಬಾವಿ ಅಥವಾ ಹುಲಿಕೆರೆಯ ಕೊಳ ನೋಡಿದವರಿಗೆ ಇಳಿಯುವ ಮೆಟ್ಟಿಲು, ನಡುವೆ ಪುಟ್ಟ ಗುಡಿಗಳು ಗುರುತು ಸಿಗುತ್ತವೆ. ಗಾತ್ರ ಮಾತ್ರ ಇಲ್ಲಿ ಬಲು ದೊಡ್ಡದು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು 1007ರಲ್ಲಿ. ಎರಡೂ ಕಡೆ ಕಲ್ಲುಕುಟಿಗರ ಉಳಿಯ ಸದ್ದು ಹತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ಕೇಳಿದೆ.

ಮೊಢೇರಾದಿಂದ 35 ಕಿಲೋಮೀಟರ್ ಉತ್ತರಕ್ಕೆ ಪಾಟಣ, ಸೋಲಂಕಿಗಳ ರಾಜಧಾನಿ. ಇಲ್ಲಿ ಅತ್ತೆ ಸಿಗುತ್ತಾಳೆ. ರಾಣಿ ಕೀ ವಾವ್ ಕಟ್ಟಿಸಿದ್ದು ಅದೇ ಉದಯಮತಿ, ಗಂಡ ಭೀಮದೇವನ ನೆನಪಿಗೆ. 64 ಮೀಟರ್ ಉದ್ದ, 27 ಮೀಟರ್ ಆಳ, ಏಳು ಅಂತಸ್ತು. ಸರಸ್ವತಿ ನದಿಯ ಪ್ರವಾಹ ತಂದ ಹೂಳಿನಲ್ಲಿ ಶತಮಾನಗಳ ಕಾಲ ಮುಚ್ಚಿಹೋಗಿತ್ತು. ಪುರಾತತ್ವ ಇಲಾಖೆ 1980ರ ದಶಕದಲ್ಲಿ ಹೂಳು ತೆಗೆದಾಗ ಶಿಲ್ಪಗಳು ಹೊಸದರಂತೆ ಹೊರಬಂದವು. 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಿಮ್ಮ ಪರ್ಸಿನಲ್ಲಿರುವ ನೇರಳೆ ಬಣ್ಣದ ನೂರರ ನೋಟು ತಿರುಗಿಸಿ ನೋಡಿ, ಈ ಬಾವಿಯೇ ಇದೆ. ಐವತ್ತರ ನೋಟಿನಲ್ಲಿ ಹಂಪಿಯ ಕಲ್ಲಿನ ರಥ. ದಿನಾ ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಓಡಾಡುತ್ತಿದ್ದೇವೆ.

ಪಕ್ಕದಲ್ಲೇ ಸಹಸ್ರಲಿಂಗ ತಲಾವಿನ ಅವಶೇಷಗಳು. ಇದು ಮೀನಳದೇವಿಯ ಮಗ, 1092ರಿಂದ ಆಳಿದ ಸಿದ್ಧರಾಜ ಜಯಸಿಂಹ ಕಟ್ಟಿಸಿದ್ದು. ಅಜ್ಜಿಯ ಬಾವಿ, ತಾಯಿಯ ಕೆರೆ, ಮಗನ ಸರೋವರ. ಹೊತ್ತಿದ್ದರೆ ಊರೊಳಗೆ ಸಾಲ್ವಿ ಮನೆತನದವರು ಪಟೋಲಾ ನೇಯುವುದನ್ನು ನೋಡಿ. ಹಾಸು, ಹೊಕ್ಕು ಎರಡಕ್ಕೂ ಮೊದಲೇ ಬಣ್ಣ ಕಟ್ಟಿ ನೇಯುವ ಸೀರೆ. ಒಂದಕ್ಕೆ ಆರು ತಿಂಗಳಾದರೂ ಬೇಕು. ಈ ನೇಕಾರರನ್ನು ದಖ್ಖನಿನ ಜಾಲ್ನಾ ಕಡೆಯಿಂದ ಕುಮಾರಪಾಲ ದೊರೆ ಕರೆಸಿದ ಎಂದು ಹೇಳಿಕೆಯಿದೆ.

ವಡೋದರಾ, ಸೂರತ್ತಿನವರಿಗೆ

ನಿಮಗೂ ಹತ್ತಿರದಲ್ಲೇ ಸಾಕಷ್ಟಿದೆ. ವಡೋದರಾದಿಂದ 50 ಕಿಲೋಮೀಟರ್ ಆಚೆ ಚಾಂಪಾನೇರ್. ಮಹಮೂದ್ ಬೇಗಡಾ 1484ರಲ್ಲಿ ಗೆದ್ದು ಕಟ್ಟಿಸಿದ ರಾಜಧಾನಿ, 1535ರಲ್ಲಿ ಹುಮಾಯೂನ್ ಬಂದು ಹೋದ ಮೇಲೆ ಹಾಳುಬಿದ್ದದ್ದು. ದಾರಿಯಲ್ಲಿ ಸುರುಳಿ ಮೆಟ್ಟಿಲಿನ ಬಾವಿಯೂ ಇದೆ. ವಡೋದರಾ ಎಂಬ ಹೆಸರಿನ ಹಳೆಯ ರೂಪ ‘ವಡಪದ್ರಕ’ ಸಿಗುವುದು 812ರ ಒಂದು ತಾಮ್ರಶಾಸನದಲ್ಲಿ. ಅದನ್ನು ಹೊರಡಿಸಿದವನು ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕ. ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು ದಂಗೆಯಲ್ಲಿ ಅದನ್ನು ಕಳೆದುಕೊಂಡ ಅಮೋಘವರ್ಷ ನೃಪತುಂಗನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿದವನು ಈ ಕರ್ಕನೇ ಎಂಬುದು ಸೂರತ್ತಿನಲ್ಲಿ ಸಿಕ್ಕ 821ರ ಶಾಸನದಿಂದ ತಿಳಿಯುತ್ತದೆ. ಕವಿರಾಜಮಾರ್ಗದ ನೃಪತುಂಗನಿಗೆ ಕಷ್ಟಕಾಲದಲ್ಲಿ ನೆರವಾದದ್ದು ಗುಜರಾತಿನ ನೆಂಟ. ಸೂರತ್ತಿನವರು ಹಳೆಯ ಕೋಟೆ, ಗೋಪಿ ತಲಾವ್, ಇಂಗ್ಲಿಷರ ಮತ್ತು ಡಚ್ಚರ ಗೋರಿಗಳನ್ನು ಒಂದೇ ದಿನದಲ್ಲಿ ನೋಡಬಹುದು.

ನೆನಪಿನಲ್ಲಿ ಉಳಿದದ್ದು

ಇಂಥ ಸಂಬಂಧಗಳು ತಿಳಿದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಉತ್ಸಾಹ ಹುಟ್ಟುತ್ತದೆ: ಗುಜರಾತನ್ನೂ ನಾವೇ ಆಳಿದ್ದೆವು ಎಂದು. ಇಮ್ಮಡಿ ಪುಲಕೇಶಿಗೆ ಲಾಟರು, ಗುರ್ಜರರು ಮಣಿದರೆಂದು 634ರ ಐಹೊಳೆ ಶಾಸನ ಹೇಳುವುದು ನಿಜ. ಸೋಲಂಕಿಗಳು ನಮ್ಮ ಚಾಲುಕ್ಯರೇ ಎಂಬ ಮೆಸೇಜೂ ಓಡಾಡುತ್ತಿರುತ್ತದೆ. ಅದು ನಿಜವಲ್ಲ, ಹೆಸರು ಹತ್ತಿರ, ವಂಶ ಬೇರೆ. ಆದರೆ ಢೋಲ್ಕಾದ ಬೀದಿಯಲ್ಲಿ ನಿಂತು ಪುಲಕೇಶಿ ಯಾರೆಂದು ಕೇಳಿದರೆ ಯಾರಿಗೆ ಗೊತ್ತಿರುತ್ತದೆ? ಮೀನಳದೇವಿ ಗೊತ್ತು. ಕೆ.ಎಂ. ಮುನ್ಶಿಯವರ ಕಾದಂಬರಿ ಓದಿದವರಿಗೂ ಗೊತ್ತು, ಓದದವರಿಗೂ ಗೊತ್ತು. ಗೆದ್ದವರನ್ನು ಈ ನೆಲ ಮರೆತಿದೆ. ಒಂದು ಮನೆ ಕೆಡವದೇ ಬಿಟ್ಟವಳನ್ನು ನೆನಪಿಟ್ಟುಕೊಂಡಿದೆ.

ಆಕೆಯ ಇನ್ನೊಂದು ಕಥೆಯನ್ನೂ ಮೇರುತುಂಗ ಹೇಳುತ್ತಾನೆ. ಸೋಮನಾಥಕ್ಕೆ ಹೋಗುವ ದಾರಿಯಲ್ಲಿ ಬಾಹುಲೋಡ ಎಂಬಲ್ಲಿ ಯಾತ್ರಿಕರಿಂದ ಸುಂಕ ವಸೂಲಾಗುತ್ತಿತ್ತು. ಕೊಡಲಾಗದವರು ಅತ್ತುಕೊಂಡು ಹಿಂದಿರುಗುವುದನ್ನು ಕಂಡ ಮೀನಳದೇವಿ, ತಾನೂ ಮುಂದೆ ಹೋಗುವುದಿಲ್ಲವೆಂದಳು. 72 ಲಕ್ಷದ ಆದಾಯದ ಆ ಸುಂಕವನ್ನು ಮಗ ರದ್ದು ಮಾಡಿದ.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಗುಜರಾತಿಯಲ್ಲಿ ಜಗಳವಾಡುತ್ತಾರೆ, ಕನ್ನಡದಲ್ಲಿ ತಿಂಡಿ ಕೇಳುತ್ತಾರೆ. ಹಂಪಿ ಅವರಿಗೆ ಅಪ್ಪನ ಊರಿನದು, ಪಾಟಣ ಶಾಲೆಯ ಪುಸ್ತಕದ್ದು. ಎರಡೂ ನಿನ್ನದೇ ಎಂದು ಬಾಯಲ್ಲಿ ಹೇಳಿದರೆ ಕೇಳುವ ವಯಸ್ಸಲ್ಲ. ಸೊಟ್ಟ ಕೆರೆಯ ದಂಡೆಯಲ್ಲಿ ನಿಲ್ಲಿಸಿ ಕಥೆ ಹೇಳಿದರೆ ಒಂದಿಷ್ಟು ಉಳಿದೀತು. ನಮಗೂ ಅಷ್ಟೇ. ಇಪ್ಪತ್ತು ವರ್ಷ ಇದ್ದರೂ ‘ನಾವು ಇಲ್ಲಿಯವರಲ್ಲ’ ಎಂದೇ ಮಾತು ಶುರುಮಾಡುವ ನಮಗೆ, ಬಂದ ಊರಿಗೆ ಸೇರಿಹೋಗುವುದೆಂದರೆ ಏನೆಂದು ಆ ಕದಂಬರ ಹುಡುಗಿ ತೋರಿಸಿಕೊಟ್ಟಿದ್ದಾಳೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಮೊಢೇರಾದ ಕಲ್ಲು ಕಾಲು ಸುಡುತ್ತದೆ. ಢೋಲ್ಕಾ, ವೀರಮಗಾಮ್‌ಗಳಲ್ಲಿ ದೊಡ್ಡ ಹೋಟೆಲು ಹುಡುಕಬೇಡಿ, ಚಿತ್ರಾನ್ನ, ಮೊಸರನ್ನ, ನೀರು ಕಟ್ಟಿಕೊಳ್ಳಿ. ತಂದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಕೆರೆಗೆ ಹಾಕಬೇಡಿ. ಈ ಚಳಿಗಾಲದಲ್ಲಿ ಊರಿಂದ ಬರುವ ಅತ್ತೆ-ಸೊಸೆಯರನ್ನು ಒಟ್ಟಿಗೆ ಕೂರಿಸಿಕೊಂಡು ಪಾಟಣಕ್ಕೆ ಹೊರಡಿ. ದಾರಿಯಲ್ಲಿ ಹೇಳಲು ಕಥೆ ಸಿಕ್ಕಿತಲ್ಲ.