ಕಣ್ಣಿಗೆ ಕಾಣದ ಚಿಹ್ನೆ

ಬರಹಗಾರನಾಗಿ ಸೇರಿದವನು ಆಪರೇಷನ್ಸ್ ಮ್ಯಾನೇಜರ್ ಆದೆ ಅಂದರೆ ಊರಲ್ಲಿ ಯಾರಿಗೂ ತಿಳಿಯುವುದಿಲ್ಲ. ಧಾರವಾಡದ ನಮ್ಮ ಕಾಕಾ, ‘ಆಪರೇಷನ್ ಅಂದ್ರ ದವಾಖಾನ್ಯಾಗ ಏನಪಾ?’ ಅಂತ ಕೇಳಿದ್ದರು. ಮುಂಬೈಯ ನೆರೆಹೊರೆಯವರೂ ಹೆಚ್ಚು ಕಡಿಮೆ ಅಷ್ಟೇ.

ಅಂಧೇರಿಯ ಒಂದು ಬಹುಭಾಷಾ ಸುದ್ದಿತಾಣದಲ್ಲಿ ನನ್ನ ಕೆಲಸ ಶುರುವಾಯಿತು. ಹಿಂದಿಯವರಿಗೆ ಉದ್ದನೆಯ ಸಾಲು, ಮರಾಠಿಗೆ ಅದರ ಅರ್ಧ, ಕನ್ನಡಕ್ಕೆ ಮೂಲೆಯಲ್ಲಿ ಮೂರು ಕುರ್ಚಿ. ಬರವಣಿಗೆ ಎಂದರೆ ಬಹುಪಾಲು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸುವುದು. ಬೇಜಾರಿನ ಕೆಲಸವೇ, ಆದರೆ ವೇಗ ಕಲಿಸಿತು.

ಒಂದು ದಿನ ಹೊಸ ತಂತ್ರಾಂಶ ಬಂತು. ಮರುದಿನದಿಂದ ನಮ್ಮ ಪುಟಗಳಲ್ಲಿ ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಯಿತು, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆದರು. ‘ರ‍್ಯಾಂಕ್’ ಬರೆದರೆ ಅರ್ಕಾವತ್ತು ಅಂಟಿಕೊಂಡು ‘ರ್ಯಾಂಕ್’ ಆಗುತ್ತಿತ್ತು. ಯೂನಿಕೋಡ್‌ನಲ್ಲಿ ಇಂಥ ಕಡೆ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಎಲ್ಲಿ ಒತ್ತಾಗಬೇಕು, ಎಲ್ಲಿ ಬಿಡಿಯಾಗಿರಬೇಕು ಎಂದು ಹೇಳುವುದು ಅದೇ. ಹೊಸ ತಂತ್ರಾಂಶ ಅದನ್ನು ಕಸವೆಂದು ಗುಡಿಸಿ ಹಾಕುತ್ತಿತ್ತು. ಹಿಂದಿ ಸಾಲಿನಲ್ಲಿ ಯಾರೂ ಗಮನಿಸಿರಲಿಲ್ಲ. ಗಮನಿಸುವುದಾದರೂ ಹೇಗೆ? ಅವರು ‘ಫೇಸಬುಕ’ ಎಂದೇ ಬರೆದು, ಅಕಾರಗಳನ್ನು ನುಂಗಿ ಓದುತ್ತಾರೆ. ಆ ಚಿಹ್ನೆಯ ಹಂಗೇ ಅವರಿಗಿಲ್ಲ.

ಕೆಟ್ಟ ಪದಗಳ ಪಟ್ಟಿ ಮಾಡಿಕೊಂಡು ಎಂಜಿನಿಯರುಗಳ ಪಕ್ಕ ಮೂರು ದಿನ ಕೂತೆ. ಅವರಲ್ಲಿ ಒಬ್ಬರಿಗೂ ಕನ್ನಡ ಬಾರದು. ಎರಡೂ ರೂಪ ಅವರಿಗೆ ಒಂದೇ ಚಿತ್ರ. ತಪ್ಪು ಯಾವುದು, ಸರಿ ಯಾವುದು ಎಂದು ಬೆರಳಿಟ್ಟು ತೋರಿಸಬೇಕಾಯಿತು. ಕೊನೆಗೆ ಸರಿಹೋಯಿತು. ನನ್ನ ಹೊಸ ಹುದ್ದೆಯ ಹುಟ್ಟು ಅಲ್ಲೇ ಆಯಿತು ಅನ್ನಬಹುದು.

ಆಮೇಲಿನದು ಪಾಳಿ ಹಂಚುವುದು, ಹಬ್ಬದ ರಜೆಯ ಜಗಳ, ಮತ ಎಣಿಕೆಯ ದಿನಕ್ಕೆ ಪುಟ ಸಿದ್ಧಮಾಡುವುದು, ಹೊರಗಿನಿಂದ ಬರೆಯುವವರ ಬಿಲ್ಲು ಪಾಸಾಗುವ ತನಕ ಲೆಕ್ಕಪತ್ರ ವಿಭಾಗದ ಬೆನ್ನು ಹತ್ತುವುದು. ಸಂಬಳ ಏರಿತು. ಲೇಖನದ ಕೆಳಗೆ ಬರುತ್ತಿದ್ದ ಹೆಸರು ನಿಂತಿತು. ಇದು ಸಣ್ಣ ನಷ್ಟವೆಂದು ನಾನು ಯಾರಿಗೂ ಹೇಳುವುದಿಲ್ಲ.

ಆದರೆ ನಿಜವಾದ ಬರವಣಿಗೆಯ ಪ್ರಶ್ನೆ ಇತ್ಯರ್ಥವಾಗುವುದು ಬಜೆಟ್ ಮೀಟಿಂಗಿನಲ್ಲಿ. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು 2014ರಲ್ಲೇ ಹಿಂದಿ ಪುಟಗಳಿಗೆ ಬಂದಿತ್ತು. 2018ರಲ್ಲಿ ತಮಿಳು, ತೆಲುಗು, ಮರಾಠಿಗೂ ಬಂತು. ಆ ವರ್ಷವೂ ಕನ್ನಡದ ಸರದಿ ಬರಲಿಲ್ಲ. ಮೀಟಿಂಗಿನ ಮೇಜಿನ ಮೇಲೆ ಇದು ‘ಕನ್ನಡ ದುಡಿಯುವುದಿಲ್ಲ’ ಎಂಬ ಒಂದು ಸಾಲಾಗಿ ಬಿತ್ತು. ಬಾಗಿಲೇ ತೆರೆಯದ ಅಂಗಡಿಯಲ್ಲಿ ವ್ಯಾಪಾರ ಇಲ್ಲ ಅಂದರೆ ಹೇಗೆ, ಅಂದೆ. ನಕ್ಕರು. ಮೂರು ಕುರ್ಚಿಗಳನ್ನೂ ತೆಗೆಯುವ ಮಾತಿತ್ತು, ಒಂದಕ್ಕೆ ನಿಂತಿತು. ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ಇರದೇ ಹೋಗಿದ್ದರೆ ಅಷ್ಟೂ ಆಗುತ್ತಿರಲಿಲ್ಲ ಎಂಬುದು ನನ್ನ ಲೆಕ್ಕ.

ಈಗ ಉಳಿದ ಎರಡರಲ್ಲಿ ಒಂದರ ಮೇಲೆ ರಾಯಚೂರಿನ ಹುಡುಗಿ ಕೂತಿದ್ದಾಳೆ. ‘ಸರ್, ನಾನೂ ಆಪರೇಷನ್ಸ್ ಕಡೆ ಬರ್ಲೇನು?’ ಅಂತ ಕೇಳಿದಳು. ಬಾ, ಆದರೆ ವಾರಕ್ಕೊಂದು ನಿನ್ನದೇ ಬರಹ ಬಿಡಬೇಡ ಅಂದೆ. ‘ನೀವು ಬರೀತೀರೇನು?’ ಅಂದಳು. ಅದಕ್ಕೇ ತಾನೇ ಈ ಅಂಕಣ! ಮೂರನೆಯ ಕುರ್ಚಿಯನ್ನು ಮಾರ್ಚಿನಲ್ಲಿ ಮತ್ತೆ ಕೇಳುವವನಿದ್ದೇನೆ.